ಶೂನ್ಯ ಊಹೆಗೆ ಆರು ಮುದ್ದೆ

ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಚಿಕ್ಕಬಸಮ್ಮ ಊಟದ ತಟ್ಟೆಯನ್ನು ಒಂದು ಗೇಣು ಮುಂದಕ್ಕೆ ತಳ್ಳಿದಳು. ಆದದ್ದು ಇಷ್ಟೇ. ಬೇರೆ ಯಾರ ಮನೆಯಲ್ಲಾದರೂ ತಟ್ಟೆ ತಾನಾಗಿ ಒಂದು ಗೇಣು ಹಿಂದಕ್ಕೆ ಬಂದು, ಊಟ ಮುಗಿದು, ಎಲ್ಲರೂ ಕೈ ತೊಳೆದು ಅವರವರ ಕೆಲಸಕ್ಕೆ ಹೋಗಿರುತ್ತಿದ್ದರು. ಆದರೆ ಆ ಮನೆಯಲ್ಲಿ ನಿಂಗರಾಜು ಇದ್ದ.

“ಗ್ಯಾಸಿನ ಮುದ್ದೆ ನನ್ ಗಂಟ್ಲಲ್ಲಿ ಇಳಿಯಾಕಿಲ್ಲ ಕಣ್ಲಾ,” ಎಂದಳು ಚಿಕ್ಕಬಸಮ್ಮ ಮಗನಿಗೆ. “ಸೌದೆ ಒಲೆ ಮುದ್ದೆ ಅಂದ್ರೆ ಅದ್ರ ಘಮಲೇ ಬೇರೆ. ಒಂದು ತುತ್ತು ಬಾಯಿಗಾಕು, ಯಾವ್ದು ಯಾವ್ ಒಲೇದು ಅಂತ ಯೋಳ್ತೀನಿ. ಇದ್ರ ಸಾವಾಸ ಸಾಕು. ಆ ಗ್ಯಾಸ್ ಒಲೇನ ಕೆ.ಆರ್. ನಗರದಾಗಿರೋ ನಿನ್ ತಂಗಿ ಪ್ರಮೀಳಂಗಾದ್ರೂ ಕೊಟ್ಬುಡು. ವೋದ್ವಾರ ಬಂದಿದ್ದಾಗ ಅದ್ನೇ ನೋಡ್ತಾ ಕುಂತಿತ್ತು ಮೊಗ.”

ಅಡುಗೆಮನೆಯಲ್ಲಿ ಸೊಸೆ ಶಾಂತಲಾಳ ಕೈಯಲ್ಲಿದ್ದ ಸೌಟು ನಿಂತಿತು. ಹೆಸರು ಬರೆಸಿ ಮೂರು ವರ್ಷ ಕಾದ ಮೇಲೆ ಬಂದ ಗ್ಯಾಸು ಅದು. ಮದುವೆಯಾಗಿ ಆರು ವರ್ಷ ಆಕೆ ಒಲೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡಿದ್ದಳು. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಬೇಡವಾಗಿ ಉಳಿದ ಹಸಿ ಸೌದೆಯೆಲ್ಲ ಅವಳ ಪಾಲಿಗೇ ಬರುತ್ತಿತ್ತು. ಗ್ಯಾಸು ಬಂದು ಹದಿನೈದು ದಿನವಾಗಿತ್ತು, ಹದಿನೈದು ದಿನದಿಂದ ಅವಳು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಿರಲಿಲ್ಲ.

ಈಗ ನಿಂಗರಾಜುವಿನ ವಿಷಯ. ರಾವಂದೂರಿನಿಂದ ದಿನಾ ಬಸ್ಸಿನಲ್ಲಿ ಹುಣಸೂರಿಗೆ ಹೋಗಿ ಅಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವ ಲೆಕ್ಚರರ್ ಅವನು. ತನ್ನ ಬೀದಿಯಲ್ಲಿ ಬುದ್ಧಿ ಇರುವವನು ತಾನೊಬ್ಬನೇ ಎಂದು ನಂಬಿದ್ದ; ಉಳಿದವರೆಲ್ಲ ಅವನ ಕಣ್ಣಿಗೆ ಇನ್ನೂ ಎಣಿಕೆಗೆ ಸಿಗದ ಜನ. ಕಾಲೇಜಿನಲ್ಲಿ ಹುಡುಗರು ಏನಾದರೂ ಗೊತ್ತಿಲ್ಲದ್ದು ಕೇಳಿದರೆ ಎಡಗಿವಿಯ ತುದಿ ಹಿಡಿದು ಎಳೆದುಕೊಳ್ಳುತ್ತಾ, “ಅದು ಸಿಲಬಸ್ಸಿನಲ್ಲಿಲ್ಲ, ಕೂತ್ಕೋ” ಎನ್ನುತ್ತಿದ್ದ. ಹುಡುಗರು ಅರ್ಥವಾಗದಿದ್ದರೂ ಕೂತುಕೊಳ್ಳುತ್ತಿದ್ದರು. ಅವನು ಅದನ್ನು ಒಳ್ಳೆಯ ಪಾಠದ ಗುರುತು ಎಂದುಕೊಂಡಿದ್ದ.

ಇಂಥವನ ಎದುರಿಗೆ ತಾಯಿ “ತುತ್ತು ಬಾಯಿಗಾಕು, ಯೋಳ್ತೀನಿ” ಎಂದರೆ ಸುಮ್ಮನೆ ಬಿಟ್ಟಾನೆಯೇ?

“ಅವ್ವ, ಶಾಖ ಅಂದ್ರೆ ಶಾಖ. ರಾಗಿ ಹಿಟ್ಟಿಗೆ ಕೆಳಗೆ ಉರೀತಿರೋದು ಸೌದೆನೋ ಗ್ಯಾಸೋ ಅಂತ ಗೊತ್ತಾಗಲ್ಲ. ನಿಂಗೂ ಗೊತ್ತಾಗಲ್ಲ. ಬೇಕಾದ್ರೆ ಪರೀಕ್ಷೆ ಮಾಡಾಣ.”

“ಮಾಡ್ಲಾ. ನಂಗೇನು ಭಯವಾ?”

“ಗೊತ್ತಾದ್ರೆ?”

“ಗೊತ್ತಾದ್ರೆ ಒಲೆ ಕೆ.ಆರ್. ನಗರಕ್ಕೆ,” ಎಂದಳು ಚಿಕ್ಕಬಸಮ್ಮ. “ಗೊತ್ತಾಗ್ದಿದ್ರೆ ಸಾಯಗಂಟ ಗ್ಯಾಸಿನ್ ಮುದ್ದೆ ಬಾಯ್ ಮುಚ್ಕಂಡು ತಿಂತೀನಿ.”

“ಆಯ್ತು!” ಎಂದು ನಿಂಗರಾಜು ತೊಡೆ ತಟ್ಟಿದ. ಒಳಗಿನಿಂದ ಶಾಂತಲಾ, “ರೀ, ಒಂದ್ ನಿಮಿಷ ಬನ್ರೀ ಇಲ್ಲಿ,” ಎಂದದ್ದು ಅವನಿಗೆ ಕೇಳಿಸಲಿಲ್ಲ. ಕೇಳಿಸಿದ್ದರೂ ಹೋಗುತ್ತಿರಲಿಲ್ಲ. ಒಲೆಯ ವಿಷಯದಲ್ಲಿ ಒಲೆ ಹಚ್ಚುವವಳನ್ನು ಕೇಳುವ ಪದ್ಧತಿ ಅವನ ಪುಸ್ತಕದಲ್ಲಿರಲಿಲ್ಲ.

ಬಾಗಿಲು ತೆರೆದಿತ್ತು. ತೆರೆದ ಬಾಗಿಲಿನ ಮನೆಯ ಜಗಳಕ್ಕೆ ಆ ಬೀದಿಯಲ್ಲಿ ಕರೆಯೋಲೆ ಬೇಕಿಲ್ಲ. ಮೊದಲು ಪಕ್ಕದ ಮನೆಯ ಪುಟ್ಟಸಿದ್ದಮ್ಮ ಕಾಫಿಪುಡಿ ಕೇಳುವ ನೆವದಲ್ಲಿ ಬಂದಳು. ಅವಳ ಹಿಂದೆಯೇ ಎದುರು ಮನೆಯ ಹುಚ್ಚಯ್ಯ ಬಂದ. ಹುಚ್ಚಯ್ಯನಿಗೆ ಅರವತ್ತಾಗಿತ್ತು, ಊರಿನ ಎಲ್ಲ ಪಂಚಾಯ್ತಿಗೂ ತಾನೇ ಬೇಕೆಂದು ತಿಳಿದು, ಕರೆಯದಿದ್ದರೂ ಹೋಗಿ ನಡುವೆ ಕೂರುವ ಮನುಷ್ಯ. ಕೊನೆಗೆ ಟೆಂಪೋ ಓಡಿಸುವ ದೇವರಾಜು ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡು ಒಳಗೆ ಬಂದ. ಅರ್ಧ ಗಂಟೆಯಲ್ಲಿ ಹಜಾರ ತುಂಬಿತು.

ಇಷ್ಟು ಜನ ಸೇರಿದ್ದು ನೋಡಿ ನಿಂಗರಾಜುವಿಗೆ ಕ್ಲಾಸು ತೆಗೆದುಕೊಳ್ಳುವ ಚಪಲ ಬಂದುಬಿಟ್ಟಿತು.

“ನೋಡಿ,” ಎಂದ. “ಮೊದಲು ನಾವು ಏನಂತ ಇಟ್ಕೋಬೇಕು ಅಂದ್ರೆ, ಅವ್ವಂಗೆ ವ್ಯತ್ಯಾಸ ಗೊತ್ತಾಗಲ್ಲ, ಸುಮ್ನೆ ಬಾಯಿಗೆ ಬಂದಿದ್ದು ಹೇಳ್ತಾಳೆ ಅಂತ. ಇದಕ್ಕೆ ಶೂನ್ಯ ಊಹೆ ಅಂತಾರೆ, ನಲ್ ಹೈಪಾಥಿಸಿಸ್. ಅವ್ವಂಗೆ ನಿಜವಾಗ್ಲೂ ಗೊತ್ತಾಗುತ್ತೆ ಅನ್ನೋದು ಪರ್ಯಾಯ ಊಹೆ.”

“ಅದ್ಯಾಕೆ ಅಂಗೆ? ಗೊತ್ತಾಯ್ತದೆ ಅಂತ ಮೊದ್ಲು ಇಟ್ಕಂಡು, ಗೊತ್ತಾಗಾಕಿಲ್ಲ ಅಂತ ನೀನು ತೋರ್ಸು,” ಎಂದಳು ಪುಟ್ಟಸಿದ್ದಮ್ಮ.

ಪ್ರಶ್ನೆ ಚೆನ್ನಾಗಿತ್ತು. ಅವನ ಬಿ.ಕಾಂ. ಹುಡುಗರಲ್ಲಿ ಒಬ್ಬನೂ ಇದನ್ನು ಕೇಳಿರಲಿಲ್ಲ. ನಿಂಗರಾಜುವಿಗೆ ಅದೇ ಕೋಪ ತರಿಸಿತು.

“ಹಂಗಾಗಲ್ಲ ಅಕ್ಕ. ಕೋರ್ಟಲ್ಲಿ ಒಬ್ಬನ್ನ ನಿಲ್ಲಿಸಿದಾಗ ಮೊದ್ಲು ಅವನು ಕದ್ದಿಲ್ಲ ಅಂತಲೇ ಇಟ್ಕೋತಾರೆ. ಕದ್ದಿದಾನೆ ಅನ್ನೋರು ಸಾಕ್ಷಿ ತರಬೇಕು. ಸಾಕ್ಷಿ ಬಲವಾಗಿದ್ರೆ ಶೂನ್ಯ ಊಹೆಯನ್ನ ತಳ್ಳಿಹಾಕ್ತೀವಿ. ಇಲ್ಲದಿದ್ರೆ ಅದು ಹಂಗೇ ಉಳ್ಕೊಳುತ್ತೆ.”

“ಅಂದ್ರೆ ಎತ್ತ ತಾಯ್ನ ಕಟಕಟೆ ಅತ್ತಿಸ್ದೆ ಅನ್ನು,” ಎಂದ ಹುಚ್ಚಯ್ಯ.

“ಉದಾಹರಣೆ ಕೊಟ್ಟೆ ಹುಚ್ಚಯ್ಯಣ್ಣ!”

“ಅದ್ಸರಿ. ಅವ್ವ ಸೋತ್ರೆ, ಅವ್ವಂಗೆ ಗೊತ್ತಾಗಾಕಿಲ್ಲ ಅಂತ ಗ್ಯಾರಂಟಿ ಆದಂಗಾ?”

“ಇಲ್ಲ,” ಎಂದ ನಿಂಗರಾಜು ಗಂಭೀರವಾಗಿ. “ಗೊತ್ತಾಗುತ್ತೆ ಅನ್ನೋಕೆ ಸಾಕಷ್ಟು ಸಾಕ್ಷಿ ಸಿಗಲಿಲ್ಲ ಅಂತ ಮಾತ್ರ ಹೇಳಬಹುದು. ಶೂನ್ಯ ಊಹೆ ನಿಜ ಅಂತ ಸಾಬೀತಾಗೋದಿಲ್ಲ.”

“ಸಾಬೀತಾಗಲ್ಲ, ಆದ್ರೂ ಒಲೆ ನಿಮ್ ತಾವೇ ಉಳೀತದೆ,” ಎಂದ ದೇವರಾಜು. “ಬಲೇ ಚೆಂದಾಗದೆ ಕಣ್ ಮೇಷ್ಟ್ರೇ ನಿಮ್ ಶಾಸ್ತ್ರ.”

ಜನ ನಕ್ಕರು. ನಿಂಗರಾಜು ಅವರ ನಗುವನ್ನು ಅಜ್ಞಾನದ ಖಾತೆಗೆ ಹಾಕಿ ನಿಯಮಗಳನ್ನು ಸಾರಿದ. ಒಟ್ಟು ಆರು ಮುದ್ದೆ. ಯಾವುದು ಯಾವ ಒಲೆಯದು ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸುವುದು. ಸುಮ್ಮನೆ ಊಹಿಸಿ ಆರಕ್ಕೆ ಆರೂ ಸರಿ ಹೇಳುವ ಅವಕಾಶ ಅರವತ್ನಾಲ್ಕರಲ್ಲಿ ಒಂದು. ಅಂದರೆ ನೂರಕ್ಕೆ ಎರಡೂ ಇಲ್ಲ. ನೂರಕ್ಕೆ ಐದಕ್ಕಿಂತ ಕಡಿಮೆ ಬಂದರೆ ಶೂನ್ಯ ಊಹೆಯನ್ನು ಬೀದಿಯ ಮುಂದೆಯೇ ತಳ್ಳಿಹಾಕುತ್ತೇನೆ ಎಂದು ಎದೆಯುಬ್ಬಿಸಿ ಹೇಳಿದ. ಒಂದೇ ಒಂದು ತಪ್ಪಿದರೂ ಲೆಕ್ಕ ನೂರಕ್ಕೆ ಹನ್ನೊಂದರ ಹತ್ತಿರ ಹೋಗುತ್ತದೆ, ಆಗ ಒಲೆ ಇಲ್ಲೇ ಇರುತ್ತದೆ.

“ಇನ್ನೊಂದು ಮಾತು. ಅಡುಗೆಮನೆಗೆ ಯಾರೂ ಕಾಲಿಡಬಾರದು. ಸುಳಿವು ಸಿಕ್ಕಿಬಿಡುತ್ತೆ. ಮುದ್ದೆ ಮಾಡೋಳು ಶಾಂತಲಾ. ಬಾಗಿಲಲ್ಲಿ ಇಸ್ಕೊಂಡು ಬಂದು ಬಡಿಸೋನು ನಾನು. ಅಷ್ಟೇ.”

ನಾಣ್ಯ ಚಿಮ್ಮಿ ಚೀಟಿ ಬರೆದ: ಗ್ಯಾಸು, ಸೌದೆ, ಸೌದೆ, ಗ್ಯಾಸು, ಸೌದೆ, ಗ್ಯಾಸು. ಒಂದು ಪ್ರತಿಯನ್ನು ಶರ್ಟಿನ ಜೇಬಿಗೆ ಹಾಕಿಕೊಂಡು ಇನ್ನೊಂದನ್ನು ಹೆಂಡತಿಯ ಕೈಗೆ ಕೊಟ್ಟ.

“ಆರು ಸಲ ಎಸರಿಟ್ಟು ಆರು ಸಲ ತೊಳಸಬೇಕೇನ್ರೀ?” ಎಂದು ಶಾಂತಲಾ ಮೆಲ್ಲಗೆ ಕೇಳಿದಳು.

“ಮತ್ತೆ? ಇದೇನು ಹುಡುಗಾಟ ಅಂದ್ಕೊಂಡ್ಯಾ?”

ಶಾಂತಲಾ ಚೀಟಿಯನ್ನು ಮಡಚಿ ಸೆರಗಿನ ತುದಿಗೆ ಕಟ್ಟಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲು ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಹೆಂಚಿನ ಸಂದಿಯಿಂದ ಹೊಗೆ ಬಂತು, ಗ್ಯಾಸು ಬುಸ್ಸೆಂದ ಸದ್ದೂ ಕೇಳಿಸಿತು. ಎರಡು ಒಲೆಯೂ ಹತ್ತಿದವೆಂದು ನಿಂಗರಾಜು ತಲೆಯಾಡಿಸಿದ.

ಮೊದಲ ತಕರಾರು ಸಾರಿನದು. ರುಚಿ ಮರೆಸುತ್ತದೆಂದು ನಿಂಗರಾಜು ಸಾರು ಬೇಡವೆಂದ. “ಸಾರಿಲ್ದೆ ಮುದ್ದೆ ಎಂಗ್ಲಾ ನುಂಗದು, ನಿನ್ ಸಾಸ್ತ್ರ ನೆಂಚ್ಕಳನಾ?” ಎಂದು ತಾಯಿ ಕೇಳಿದಳು. ಬೀದಿ ಪೂರ್ತಿ ತಾಯಿಯ ಕಡೆಗೆ ನಿಂತಿತು. ಆರಕ್ಕೂ ಒಂದೇ ಪಾತ್ರೆಯ ಬಸ್ಸಾರು ಎಂದು ರಾಜಿಯಾಯಿತು.

ಮೊದಲ ಮುದ್ದೆ ಬಂತು. ಚಿಕ್ಕಬಸಮ್ಮ ಅದನ್ನು ನೋಡಿ, “ಇದೇನ್ ಮುದ್ದೆನೋ ಮಾತ್ರೆನೋ?” ಎಂದು, ತುತ್ತು ಮುರಿದು, ಬಸ್ಸಾರಿನಲ್ಲಿ ಹೊರಳಿಸಿ, ಗುಳುಂ ಎಂದು ನುಂಗಿದಳು. ಆಮೇಲೆ ತಲೆ ಎತ್ತಿ ಮಗನನ್ನು ನೋಡಿದಳು.

“ಇದು… ಸೌದೆ ಒಲೇ…” ಎಂದು ರಾಗ ಎಳೆದಳು.

ನಿಂಗರಾಜು ಕೈಕಟ್ಟಿ ನಿಂತು ಸಣ್ಣಗೆ ನಗುತ್ತಿದ್ದ.

“ಒಲೇದು ಅಲ್ಲ ಬುಡು. ಗ್ಯಾಸಿಂದು.”

ನಗು ನಿಂತಿತು. ಕಟ್ಟಿದ ಕೈ ಬಿಚ್ಚಿ ಅವನು ಕಿವಿ ತುರಿಸಿಕೊಂಡ. “ಒಂದು ಸರಿ ಆಗೋದು ದೊಡ್ಡದಲ್ಲ, ಅರ್ಧಕ್ಕರ್ಧ ಚಾನ್ಸು,” ಎಂದು ಜನರಿಗೆ ವಿವರಿಸಿದ.

ಎರಡನೆಯದು ತಕ್ಷಣವೇ ಬಂತು. ಹೆಂಡತಿಯ ಚುರುಕು ನೋಡಿ ನಿಂಗರಾಜುವಿಗೆ ಹೆಮ್ಮೆಯೂ ಆಯಿತು. ಚಿಕ್ಕಬಸಮ್ಮ ನುಂಗಿದಳು. “ಇದು ಸೌದೇ…” ಎಂದಳು. ಮಗನ ಕೈ ಎಡಗಿವಿಗೆ ಹೋಯಿತು. “ಸೌದೇದೇ ಕಣ್ಲಾ! ಆಹಾ, ಹೊಗೆ ಘಮಲು ಮೂಗ್ಗೇ ಬಡೀತದೆ.”

“ಓಹೋ!” ಎಂದು ಹಜಾರ ಕೂಗಿತು.

ಮೂರನೆಯದೂ ಹಾಗೆಯೇ ಆಯಿತು. ಈಗ ಹುಚ್ಚಯ್ಯನಿಗೆ ತಡೆಯಲಾಗಲಿಲ್ಲ. ಸಾಕ್ಷಿ ಅಂದ ಮೇಲೆ ತಾನೂ ರುಚಿ ನೋಡಬೇಕೆಂದು ತಟ್ಟೆಯಲ್ಲಿ ಉಳಿದಿದ್ದ ಅರ್ಧ ಮುದ್ದೆಯನ್ನು ಎಳೆದುಕೊಂಡು ನುಂಗಿ, “ಇದು ಗ್ಯಾಸಿಂದು, ಅನುಮಾನವೇ ಇಲ್ಲ,” ಎಂದ. “ಸೌದೇದು!” ಎಂದು ಹಜಾರ ಅವನನ್ನು ಬೈದು ಕೂರಿಸಿತು. ದೇವರಾಜುವೂ ಒಂದು ಚೂರು ಬಾಯಿಗೆ ಹಾಕಿಕೊಂಡು, “ನಂಗೇನೋ ಎಲ್ಲಾ ಒಂದೇ ತರ ಅದೆ ಕಣ್ರಪ್ಪ,” ಎಂದ. ಬೀಡಿ ಸೇದುವ ಬಾಯಿಗೆ ರುಚಿ ಎಲ್ಲಿಂದ ಬರಬೇಕು ಎಂದು ಪುಟ್ಟಸಿದ್ದಮ್ಮ ಅವನ ಬಾಯಿ ಮುಚ್ಚಿಸಿದಳು. ಆ ದಿನ ಅಲ್ಲಿ ನಾಲಿಗೆಗೆ ತಿಳಿದದ್ದನ್ನೇ ಹೇಳಿದವನು ಅವನೊಬ್ಬನೇ, ಅವನನ್ನು ಯಾರೂ ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ.

ನಾಲ್ಕನೆಯದು ಗ್ಯಾಸು ಎಂದಳು, ಸರಿ. ಐದನೆಯದಕ್ಕೆ “ಗ್ಯಾ…” ಎಂದು ಶುರು ಮಾಡಿದಳು. ನಿಂಗರಾಜುವಿನ ಮುಖ ಅರಳಿತು. ಚಿಕ್ಕಬಸಮ್ಮ ನೀರು ಕುಡಿದು, “ಗ್ಯಾಸಿಂದು ಅಂತ ಅನ್ನಕೆ ವೋದೆ, ಅಲ್ಲ, ಸೌದೇದು,” ಎಂದಳು.

“ಮೊದಲು ಹೇಳಿದ್ದೇ ಲೆಕ್ಕ!” ಎಂದು ನಿಂಗರಾಜು ಕಿವಿ ಹಿಡಿದುಕೊಂಡೇ ಕುಣಿದ. “ಗ್ಯಾ ಅಂದಿದ್ದಾಳೆ!”

“ಗ್ಯಾ ಅಂದ್ರೆ ಗ್ಯಾಸ್ ಅಂತ ಎಲ್ ಬರ್ದದೆ? ಪೂರ್ತಿ ಯೋಳಕೆ ಬುಡಪ್ಪ ಅವ್ವನ್ನ,” ಎಂದ ಹುಚ್ಚಯ್ಯ. ಬೀದಿ ಹುಚ್ಚಯ್ಯನ ಮಾತನ್ನು ಜೀವಮಾನದಲ್ಲಿ ಮೊದಲ ಸಲ ಒಪ್ಪಿತು.

ಆರನೆಯದರ ಹೊತ್ತಿಗೆ ಚಿಕ್ಕಬಸಮ್ಮ ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದಳು. ನಿಂಗರಾಜು ಬೆವರುತ್ತಿದ್ದ. ಒಂದು ತಪ್ಪು, ದೇವರೇ, ಒಂದೇ ಒಂದು ತಪ್ಪು! ಸಂಖ್ಯಾಶಾಸ್ತ್ರ ಓದಿದವನು ಮನೆದೇವರಿಗೆ ಹರಕೆ ಹೊತ್ತ. ಬಾಗಿಲ ಸಂದಿಯಲ್ಲಿ ಶಾಂತಲಾಳ ಒಂದು ಕಣ್ಣು ಕಾಣುತ್ತಿತ್ತು.

“ಸೌದೇ…” ಎಂದಳು ಚಿಕ್ಕಬಸಮ್ಮ. ಮಗನ ಕೈ ಕೆಳಗೇ ಇತ್ತು. ಡರ್ರನೆ ಒಂದು ತೇಗು ತೇಗಿ, “ಥೂ, ಗ್ಯಾಸಿಂದು, ಸಪ್ಪೆ!” ಎಂದಳು.

ಹುಚ್ಚಯ್ಯ ನಿಂಗರಾಜುವಿನ ಜೇಬಿಗೆ ಕೈಹಾಕಿ ಚೀಟಿ ಕಿತ್ತು ಎಲ್ಲರಿಗೂ ಕೇಳುವಂತೆ ಓದಿದ. ಆರಕ್ಕೆ ಆರು. ಹಜಾರದಲ್ಲಿ ಶಿಳ್ಳೆ ಬಿತ್ತು.

“ಒಂದ್ನಿಮಿಷ, ಒಂದ್ನಿಮಿಷ,” ಎಂದ ನಿಂಗರಾಜು. “ನೂರಕ್ಕೆ ಐದು ಅನ್ನೋದು ಸಾಮಾನ್ಯ ಮಟ್ಟ. ಇದು ಮಹತ್ವದ ವಿಷಯ, ಇದಕ್ಕೆ ನೂರಕ್ಕೆ ಒಂದರ ಮಟ್ಟ ಇಟ್ಕೋಬೇಕು. ಅರವತ್ನಾಲ್ಕರಲ್ಲಿ ಒಂದು ಅಂದ್ರೆ ನೂರಕ್ಕೆ ಒಂದೂವರೆ ಆಯ್ತು. ಆದ್ದರಿಂದ ಶೂನ್ಯ ಊಹೆಯನ್ನ ತಳ್ಳಿಹಾಕೋಕೆ ಬರಲ್ಲ.”

ಹೋದ ವಾರವಷ್ಟೇ ಇದೇ ಕೆಲಸ ಮಾಡಿದ ಒಬ್ಬ ಹುಡುಗನ ಉತ್ತರ ಪತ್ರಿಕೆಗೆ ಅವನು ಕೆಂಪು ಗೀಟು ಎಳೆದು ಸೊನ್ನೆ ಹಾಕಿದ್ದ.

“ಆಟ ಮುಗುದ್ಮೇಲೆ ಗೆರೆ ಅಳ್ಸಿ ದೂರುಕ್ ಎಳೀತಿದೀಯಲ್ಲೋ!” ಎಂದು ಹುಚ್ಚಯ್ಯ ಎದ್ದುನಿಂತ. “ಬೆಳಗ್ಗೆ ಯಾವ್ ಗೆರೆ ಅಂತ ಅಂದಿದ್ಯೋ ಅದೇ ಗೆರೆ. ತಳ್ಳು ನಿನ್ ಸೂನ್ಯಾನ!”

“ತಳ್ಳು! ತಳ್ಳು!” ಎಂದು ಬೀದಿ ಕೂಗಿತು. ನಿಂಗರಾಜು ತಲೆ ತಗ್ಗಿಸಿ, “ಶೂನ್ಯ ಊಹೆಯನ್ನು ತಳ್ಳಿಹಾಕಲಾಗಿದೆ,” ಎಂದು ಪಾಠದ ಧ್ವನಿಯಲ್ಲೇ ಹೇಳಿದ. ದೇವರಾಜುವಿನ ಟೆಂಪೋ ಮಧ್ಯಾಹ್ನ ಹೇಗೂ ಕೆ.ಆರ್. ನಗರಕ್ಕೆ ಹೊರಟಿತ್ತು. ಒಲೆಯನ್ನು ಪುಟ್ಟಸಿದ್ದಮ್ಮ ಹಳೆಯ ಸೀರೆಯಲ್ಲಿ ಸುತ್ತಿದಳು. ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಟೆಂಪೋಗೆ ಹಾಕಿದವನು ನಿಂಗರಾಜುವೇ. ಬೇರೆ ಯಾರು ಹೊರುತ್ತಾರೆ?

ಟೆಂಪೋ ತಿರುವು ದಾಟಿದ ಮೇಲೆ ಅವನು ಅಡುಗೆಮನೆಗೆ ಹೋದ. ಒಲೆ ಇದ್ದ ಕಟ್ಟೆ ಬೋಳಾಗಿತ್ತು. ಶಾಂತಲಾ ನೆಲದ ಮೇಲೆ ಕೂತಿದ್ದಳು, ಹದಿನೈದು ದಿನದ ನಂತರ ಸೆರಗು ಮತ್ತೆ ಕಣ್ಣಿಗೆ ಹೋಗಿತ್ತು. ಹೊಗೆ ಮಾತ್ರ ಇರಲಿಲ್ಲ.

“ಅಳಬೇಡ್ವೇ. ಅವ್ವಂಗೆ ನಿಜವಾಗ್ಲೂ ಗೊತ್ತಾಗುತ್ತೆ ಅಂತ ಸಾಬೀತಾಯ್ತು. ವಿಜ್ಞಾನದ ಮುಂದೆ ನಾವು ಏನ್ ಮಾಡೋಕಾಗುತ್ತೆ?”

“ನಿಮ್ಮ ವಿಜ್ಞಾನಕ್ಕಿಷ್ಟು ಬೆಂಕಿ ಹಾಕ!” ಎಂದಳು ಶಾಂತಲಾ. “ಆರೂ ಗ್ಯಾಸಿನ ಮುದ್ದೆನೇ ಕಣ್ರೀ.”

“ಆರೂನಾ?” ಎಂದ ನಿಂಗರಾಜು.

“ಒಂದೇ ಪಾತ್ರೆ, ಒಂದೇ ಎಸರು. ಒಟ್ಟಿಗೆ ತೊಳಸಿ ಮುಚ್ಚಿಟ್ಟು, ನೀವು ಬಂದಂಗೆಲ್ಲ ಒಂದೊಂದು ಉಂಡೆ ಕಟ್ಟಿ ಕೊಟ್ಟೆ. ಸೌದೆ ಒಲೆ ಮೇಲೆ ಬರೀ ನೀರು ಕಾಯ್ತಿತ್ತು. ಎಲ್ಲಾ ಒಂದೇ ಆಗಿದ್ರೆ ಅತ್ತೆ ಎಲ್ಲಾದ್ರೂ ತಪ್ಪೇ ತಪ್ತಾರೆ, ಒಲೆ ಉಳಿಯುತ್ತೆ ಅಂತ ಮಾಡ್ದೆ. ಅವರು ಆರೂ ಸರಿ ಹೇಳ್ಬಿಟ್ರಲ್ರೀ! ಅದು ಹೆಂಗ್ರೀ?”

ನಿಂಗರಾಜುವಿಗೆ ತಲೆ ಗಿರ್ರೆಂದಿತು. ಆರೂ ಒಂದೇ ಆಗಿದ್ದರೆ ವ್ಯತ್ಯಾಸವೇ ಇರಲಿಲ್ಲ. ವ್ಯತ್ಯಾಸವೇ ಇಲ್ಲದ್ದು ಗೊತ್ತಾಗುವುದು ಹೇಗೆ? ಶೂನ್ಯ ಊಹೆ ನಿಜವಾಗಿತ್ತು, ನಿಜವಾಗಿದ್ದದ್ದನ್ನೇ ತಾನು ತಳ್ಳಿಹಾಕಿದ್ದ! ಅದಕ್ಕೊಂದು ಹೆಸರೂ ಇತ್ತು, ಮೊದಲನೇ ಬಗೆಯ ತಪ್ಪು. ಹೆಸರು ನೆನಪಾದದ್ದಕ್ಕೆ ಅವನಿಗೆ ಒಂದು ಗಳಿಗೆ ಸಂತೋಷವೂ ಆಯಿತು. ಆಮೇಲೆ ಹಜಾರಕ್ಕೆ ಓಡಿದ. ಚಿಕ್ಕಬಸಮ್ಮ ಚಾಪೆಯ ಮೇಲೆ ಹೊಟ್ಟೆ ಸವರಿಕೊಳ್ಳುತ್ತಾ ಮಲಗಿದ್ದಳು.

“ಅವ್ವ, ನಿಜ ಹೇಳು. ರುಚಿ ಹೆಂಗೆ ಗೊತ್ತಾಯ್ತು?”

“ರುಚಿಯಾ?” ಎಂದು ಅವಳು ಕಣ್ಣು ಬಿಟ್ಟಳು. “ಮುದ್ದೆನ ಯಾರ್ಲಾ ಅಗ್ದು ನೋಡ್ತಾರೆ? ನುಂಗ್ದೆ, ವೋಯ್ತು. ರುಚಿ ನೋಡ್ದೋರ್ಯಾರು?”

“ಮತ್ತೆ?”

“ನಿನ್ ಕಿವಿ ನೋಡ್ದೆ. ಚಿಕ್ಕೋನಾಗಿದ್ದಾಗ ಬೆಲ್ಲ ಕದ್ದು ಸಿಕ್ಕಾಕೊಂಡ್ರೆ ಕಿವಿ ಎಳ್ಕೊಳ್ತಿದ್ದೆ. ನಾ ಸರಿಯಾಗಿ ಅಂದಾಗೆಲ್ಲ ಎಳ್ಕಂಡೆ, ತಪ್ಪಂದ್ರೆ ಮಂಗನಂಗೆ ನಗ್ತಾ ನಿಂತ್ಕಂಡೆ. ಬೀದಿಗೆಲ್ಲಾ ಚೀಟಿ ಮುಚ್ಚಿಟ್ಟು, ನಂಗೊಬ್ಬಳಿಗೆ ಓದಿ ಯೋಳ್ದಲ್ಲಪ್ಪ.”

ನಿಂಗರಾಜುವಿನ ಕೈ ಅರಿವಿಲ್ಲದೆ ಮೇಲೆ ಹೋಯಿತು. ಅರ್ಧಕ್ಕೆ ನಿಲ್ಲಿಸಿದ. “ಇದು ಮೋಸ! ಈಗಲೇ ಎಲ್ಲರನ್ನೂ ಕರೆದು ಹೇಳ್ತೀನಿ. ಆರೂ ಗ್ಯಾಸಿಂದೇ ಅಂತ ಶಾಂತಲಾನೇ ಹೇಳ್ತಾಳೆ!”

“ಓ, ಅಂಗಾ?” ಎಂದು ಚಿಕ್ಕಬಸಮ್ಮ ಎದ್ದು ಕೂತಳು. ಅವಳ ಮುಖದಲ್ಲಿ ಸೊಸೆಯ ಬಗ್ಗೆ ಮೊದಲ ಬಾರಿ ಸ್ವಲ್ಪ ಗೌರವ ಕಂಡಿತು. “ಕರಿ ಕಣ್ಲಾ. ಹುಚ್ಚಯ್ಯನ್ನೇ ಮೊದ್ಲು ಕರಿ. ನಮ್ಮವ್ವ ಮೋಸ ಮಾಡಿದ್ಲು, ನನ್ ಹೆಂಡ್ತೀನೂ ಮೋಸ ಮಾಡಿದ್ಲು, ಹುಣಸೂರಲ್ಲಿ ಮಕ್ಕಳಿಗೆ ಪಾಠ ಮಾಡೋ ನಾನು ಇಬ್ಬರ ಕೈಲೂ ಮೋಸ ವೋದೆ ಅಂತ ಯೋಳು. ನಿಂತ್ಕಂಡು ಕೇಳ್ತೀನಿ.”

ನಿಂಗರಾಜು ಬಾಗಿಲವರೆಗೆ ಹೋದ. ಎದುರು ಜಗಲಿಯಲ್ಲಿ ಹುಚ್ಚಯ್ಯ ಕೂತು ದಾರಿಹೋಕರಿಗೆಲ್ಲ ಮುದ್ದೆಯ ಕತೆ ಹೇಳುತ್ತಿದ್ದ. ನಿಂಗರಾಜು ಹಾಗೆಯೇ ಹಿಂದಕ್ಕೆ ಬಂದು ಬಾಗಿಲು ಹಾಕಿಕೊಂಡ. ಬೆಳಿಗ್ಗೆಯೇ ಆ ಬಾಗಿಲು ಹಾಕಿದ್ದರೆ ಎಷ್ಟೋ ಚೆನ್ನಾಗಿತ್ತು.

ಸಂಜೆ ಶಾಂತಲಾ ಊದುಗೊಳವೆಯನ್ನು ತಂದು ಗಂಡನ ಮುಂದೆ ಇಟ್ಟಳು. “ಒಲೆ ಕಳ್ಕೊಂಡೋರು ಒಲೆ ಹಚ್ಚಿ. ನಾನು ಇನ್ನು ಹೊಗೆ ಮುಂದೆ ಕೂರಲ್ಲ,” ಎಂದು ಹೇಳಿ ಪುಟ್ಟಸಿದ್ದಮ್ಮನ ಮನೆಗೆ ಟೀವಿ ನೋಡಲು ಹೋದಳು. ನಿಂಗರಾಜು ಹಸಿ ಸೌದೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಊದಿದ. ಕೆಮ್ಮಿದ. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯಿತು. ಒಂದೂವರೆ ಗಂಟೆ ಹೆಣಗಾಡಿ, ಮುದ್ದೆಕೋಲು ತಿರುಗಿಸಿ, ಕೈ ಸುಟ್ಟುಕೊಂಡು, ಆ ದಿನದ ಮೊದಲ ನಿಜವಾದ ಸೌದೆ ಒಲೆಯ ಮುದ್ದೆಯನ್ನು ತಾಯಿಯ ತಟ್ಟೆಗೆ ಹಾಕಿದ.

ಚಿಕ್ಕಬಸಮ್ಮ ತುತ್ತು ಮುರಿದು ಬಾಯಿಗೆ ಹಾಕಿಕೊಂಡಳು. ಮುಖ ಕಿವುಚಿದಳು. ತಟ್ಟೆಯನ್ನು ಒಂದು ಗೇಣು ಮುಂದಕ್ಕೆ ತಳ್ಳಿದಳು.

“ಥೂ, ಬರೀ ಹೊಗೆ ನಾತ! ಇದ್ನ ಎಂಗ್ಲಾ ನುಂಗದು? ನಾಳಿಕೇ ಓಗಿ ಇನ್ನೊಂದ್ ಗ್ಯಾಸಿಗೆ ಹೆಸರು ಬರ್ಸು.”